ಸ್ಥಳೀಯ ಹೆಸರು

ನಮೂನೆಯಲ್ಲಿ ಹನ್ನೊಂದು ಅಂಕಣ.
ಮೊದಲಿನದು ಲ್ಯಾಟಿನ್ನಿನಲ್ಲಿ, ಎರಡನೆಯದು ಇಂಗ್ಲಿಷಿನಲ್ಲಿ,
ಮೂರನೆಯದಕ್ಕೆ ಕಾಯ್ದೆಯ ಅನುಸೂಚಿಯ ಸಂಖ್ಯೆ.
ನಾಲ್ಕು: ಸ್ಥಳೀಯ ಹೆಸರು.
ಅದನ್ನು ಯಾರೂ ತುಂಬುವುದಿಲ್ಲ, ಗೀಟು ಎಳೆದು ಮುಂದೆ ಹೋಗುತ್ತಾರೆ.
ನಾನೂ ಎಳೆದಿದ್ದೆ.

ಆಚೆ ದಂಡೆಯ ವಿದ್ಯುತ್ ಸ್ಥಾವರಕ್ಕೆ
ಪರವಾನಗಿ ಮುಗಿಯುತ್ತ ಬಂದಿದೆ. ಇನ್ನೂ ಹತ್ತು ವರ್ಷ ಬೇಕಂತೆ.
ಅದಕ್ಕೂ ಮೊದಲು ಒಂದು ಮಾತು ಕೇಳಬೇಕೆಂದು ನಿಯಮ,
ಅಳಿವಿನಂಚಿನ ಜೀವಿಗಳನ್ನು.
ಅವುಗಳ ಪರವಾಗಿ ಉತ್ತರ ಬರೆಯಲು
ದಿನಕ್ಕೆ ಎರಡು ಸಾವಿರದಂತೆ ನನ್ನನ್ನು ಗೊತ್ತುಮಾಡಿದ್ದಾರೆ,
ಊಟದ ಖರ್ಚು ಬೇರೆ.

ಏಪ್ರಿಲ್. ಕೊಲ್ಹಾರದ ಸೇತುವೆಯ ಕೆಳಗೆ
ಹಿನ್ನೀರು ಇಳಿದು ಹಳೇ ಊರಿನ ಪಾವಟಿಗೆಗಳು ಎದ್ದಿವೆ.
ಮಲಕಾಜಪ್ಪ ಅಂಬಿಗೇರ ಹರಗೋಲು ತಿರುಗಿಸುತ್ತ
"ಬಾಯಾರ, ಅಲ್ಲಿ ನಮ್ಮ ಹಿಟ್ಟಿನ ಗಿರಣಿ ಇತ್ತರಿ" ಎಂದು
ಬರಿ ನೀರಿಗೆ ಹುಟ್ಟು ತೋರಿಸಿದ.

ನಡುಹೊಳೆಯ ಮರಳದಿಬ್ಬಕ್ಕೆ ಕಾಲಿಟ್ಟದ್ದೇ ತಡ
ಆಕಾಶ ಬೈಯತೊಡಗಿತು.
ಹಳದಿ ಕೊಕ್ಕು, ಕವಲುಬಾಲ, ಕಣ್ಣಿನ ತನಕ ಕರಿ ಟೊಪ್ಪಿಗೆ.
ನನ್ನ ನೆತ್ತಿಗೆ ಗುರಿಯಿಟ್ಟು ಎರಗಿ
ಕೂದಲೆಳೆಯ ದೂರದಲ್ಲಿ ಹೊರಳಿ
ಹೋಗುವಾಗ ಐದನೆಯ ಅಂಕಣದ ಮೇಲೆ
ಬೆಳ್ಳಗೆ ಹಿಕ್ಕೆ ಹಾಕಿ ಹೋಯಿತು.
ಮಲಕಾಜಪ್ಪ ನಕ್ಕ: "ಸಹಿ ಆತು ನೋಡ್ರಿ."

ದನದ ಗೊರಸಿನ ಒಂದು ಗುರುತು. ಅದರೊಳಗೆ ಮೂರು ತತ್ತಿ,
ಮರಳಿನದೇ ಬಣ್ಣ, ಮರಳಿನದೇ ಮಚ್ಚೆ.
ಹುಲ್ಲಿಲ್ಲ, ಕಡ್ಡಿಯಿಲ್ಲ, ಗೂಡು ಅಂತ ಏನೂ ಇಲ್ಲ.
ಅಳೆದೆ: ನೀರಿಗಿಂತ ನಾಲ್ಕು ಬೆರಳು ಮೇಲೆ.
"ರಾತ್ರಿ ಎರಡಕ್ಕ ಬಿಸಿನೀರು ಬಿಡತಾರ.
ಒಮ್ಮೊಮ್ಮೆ ಮೂರು ಬೆರಳು ಏರತೈತಿ.
ಒಮ್ಮೊಮ್ಮೆ ಐದು."

ಹೆಸರು?
ಮರಳು ಕೆದರಿದ, ಬೀಡಿ ಹುಡುಕಿದ, ತಲೆ ತುರಿಸಿದ.
"ಅವ್ವ ಏನೋ ಅಂತಿದ್ಲರಿ. ನಾಲಿಗಿ ತುದಿಮ್ಯಾಲ ಐತಿ."
ಹಕ್ಕಿ ಇದೆ, ಹೆಸರು ಹೋಗಿದೆ.
ಅಳಿವು ಹೀಗೆ ಬಾಯಿಂದಲೇ ಶುರುವಾಗುತ್ತದೆಂದು
ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಗಲಗಲಿಯ ಅಕ್ಕ ದುಂಡವ್ವನಿಗೆ ಫೋನು ಹಚ್ಚಿದ.
ಆಕೆ ರೊಟ್ಟಿ ಬಡಿಯುತ್ತಿದ್ದಳು; ಸಪ್ಪಳ ನನಗೂ ಕೇಳಿಸಿತು.
ಮೊದಲು ಮೊಮ್ಮಗನ ಜ್ವರದ ಮಾತು, ಬಳಿಕ ಎಮ್ಮೆಯ ಮಾತು,
ಆಮೇಲೆ ಸಪ್ಪಳ ನಿಂತಿತು.
"ಕರಿಸೆರಗಿ ಅಲ್ಲೇನೋ, ಖೋಡಿ!
ತತ್ತಿ ಇಡೂಮುಂದ ಕರಿ ಸೆರಗು ಹೊದೀತಾಳ,
ಮರಿ ಹಾರಿದಮ್ಯಾಲ ತಗೀತಾಳ."
ಮತ್ತೆ ರೊಟ್ಟಿಯ ಸಪ್ಪಳ.

ಸಂಜೆ ಬಸ್ ಸ್ಟ್ಯಾಂಡಿನ ಬೆಂಚು. ಗಡಿಗೆಯ ಮೊಸರು ಪಕ್ಕಕ್ಕಿಟ್ಟು
ಹಿಂದಿನ ನವೀಕರಣದ ವರದಿ ತೆರೆದೆ.
ಸಮೀಕ್ಷೆಯ ತಿಂಗಳು: ಆಗಸ್ಟ್. ಸ್ಥಳ: ಸೇತುವೆಯ ಮೇಲಿನಿಂದ.
ಆಗಸ್ಟಿನಲ್ಲಿ ಇಲ್ಲಿ ಮರಳೇ ಇರುವುದಿಲ್ಲ.
'ಕಂಡುಬಂದಿಲ್ಲ. ಪರಿಣಾಮ ಬೀರಬಹುದು;
ಪ್ರತಿಕೂಲವಾಗುವ ಸಂಭವವಿಲ್ಲ.'
ಕೆಳಗೆ ದುಂಡಗೆ, ಹೊಸ ಪೆನ್ನಿನಲ್ಲಿ, ನನ್ನದೇ ಸಹಿ.
ಆಗ ನನಗೆ ಇಪ್ಪತ್ತಾರು. ಬಸ್ಸಿಗೆ ತಡವಾಗಿತ್ತು.

ಬೆಳಗಾವಿಯ ಕಚೇರಿಯಿಂದ ಫೋನು:
"ಹಳೇದನ್ನೇ ಕಳಿಸಿ ಮೇಡಂ, ಇಸವಿ ಬದಲಿಸಿದರೆ ಆಯಿತು."
ಸ್ಥಾವರ ನಿಲ್ಲುವುದಿಲ್ಲ, ನನಗೂ ಗೊತ್ತು.
ಈ ಬೆಂಚಿನ ಮೇಲಿನ ದೀಪ ಅದರದೇ,
ಅದರ ಬೆಳಕಿನಲ್ಲೇ ಬರೆಯುತ್ತಿದ್ದೇನೆ.

ಕಂಡಿದೆ. ಗೂಡು, ಅನ್ನಬಹುದಾದರೆ, ಹದಿನೇಳು.
ಮಾರ್ಚಿನಿಂದ ಮೇ ಮುಗಿಯುವ ತನಕ ರಾತ್ರಿ ನೀರು ಬಿಡಬಾರದು.
ನಮೂನೆಯಲ್ಲಿ ಅಚ್ಚಾಗಿಯೇ ಬಂದ 'ಸಂಭವವಿಲ್ಲ'ದ
ಇಲ್ಲವನ್ನು ಹೊಡೆದುಹಾಕುವಾಗ ಕಾಗದ ತುಸು ಹರಿಯಿತು.
ನಾಲ್ಕನೆಯ ಅಂಕಣದಲ್ಲಿ ಕರಿಸೆರಗಿ ಹಿಡಿಸಲಿಲ್ಲ,
ಕೊನೆಯ ಅಕ್ಷರ ಗೆರೆ ದಾಟಿ
ಆ ಬಿಳಿ ಕಲೆಯ ಮೇಲೆ ಕೂತಿದೆ.

ಇವತ್ತು ರಾತ್ರಿ ಎರಡಕ್ಕೆ ಎಷ್ಟು ಬೆರಳೋ.